ತೆರೆದವರೇ ಮುಚ್ಚಬೇಕಾದ ಚಾಕು

ಮಾರ್ಚ್ 3, ಭಾನುವಾರ

ಇವತ್ತು ನನ್ನ ಮನೆಯಲ್ಲಿ ಒಂದು ಕೊಲೆಯಾಯಿತು. ಸತ್ತದ್ದು ಸೇಬು. ಮಾನ ಹೋದದ್ದು ನನ್ನ ಮಹಾರಾಣಿಯದು.

ಕೋಪ ಇಳಿಯುವ ಮುಂಚೆ ಬರೆದಿಡುತ್ತೇನೆ, ಇಳಿದ ಮೇಲೆ ಬರೆದರೆ ಉಪ್ಪು ಖಾರ ಇರುವುದಿಲ್ಲ. ನನ್ನ ಹತ್ತಿರ ಅರವತ್ತೊಂದು ಜೇಬುಚಾಕುಗಳಿವೆ. ಮಡಚಿ ಜೇಬಿಗೆ ಹಾಕಿಕೊಳ್ಳಲೆಂದು ಮಾಡಿದವು, ಆದರೆ ನನ್ನ ಮನೆಗೆ ಬಂದ ಮೇಲೆ ಒಂದೂ ಜೇಬಿನ ಮುಖ ನೋಡಿಲ್ಲ. ಗಾಜಿನ ಬೀರುವಿನಲ್ಲಿ ಮಖಮಲ್ಲಿನ ಮೇಲೆ ಮಲಗಿವೆ. ಅರವತ್ತೊಂದನೆಯವಳೇ ಮೊನ್ನೆ ಬಂದ ಮಹಾರಾಣಿ. ಜಿಂಕೆ ಕೊಂಬಿನ ಹಿಡಿ, ಎರಡು ಅಲಗು, ನೂರು ವರ್ಷ ವಯಸ್ಸು, ಇಷ್ಟು ದಿನದಲ್ಲಿ ಒಂದು ದಾರವನ್ನೂ ಕೊಯ್ದವಳಲ್ಲ. ನಿನ್ನೆ ಭೂತಗನ್ನಡಿ ಹಿಡಿದು ಎರಡು ಗಂಟೆ ನೋಡಿದ್ದೇನೆ. ಇಪ್ಪತ್ತೆಂಟು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟುಕೊಂಡವನ ಕಣ್ಣು ಇದು. ಇದನ್ನು ತಪ್ಪಿಸಿಕೊಂಡು ಹೋಗುವ ಗೀರು ಇನ್ನೂ ಹುಟ್ಟಿಲ್ಲ.

ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಎಲ್ಲ ಭಾನುವಾರದಂತೆ ಹನ್ನೊಂದಕ್ಕೆ ಬಂದರು. ಕಾರ್ಖಾನೆಯೊಂದರ ನೌಕರರ ಬಸ್ಸು ಓಡಿಸುತ್ತಾರೆ. ಮದುವೆಯಾಗಲಿಲ್ಲ, ಒಂದು ಕೋಣೆ ಬಾಡಿಗೆಗೆ ಹಿಡಿದು ಚಾಕುಗಳ ಜೊತೆ ಸಂಸಾರ ಮಾಡುತ್ತಾರೆ. ಹುಚ್ಚು ಇಬ್ಬರಿಗೂ ಒಂದೇ, ಆದರೆ ಅವರದು ಒರಟು ಪಂಥ. ಕೊಯ್ಯದ ಚಾಕು ಚಾಕುವೇ ಅಲ್ಲ ಅನ್ನುತ್ತಾರೆ. ನಮ್ಮಿಬ್ಬರಿಗೂ ಈ ಹುಚ್ಚು ಹಿಡಿಸಿದ್ದು ಬಸ್ ನಿಲ್ದಾಣದ ಹತ್ತಿರ ಸಾಣೆ ಹಿಡಿಯುತ್ತಿದ್ದ ಒಬ್ಬ ಮುದುಕ. ಅವನು ಕಲಿಸಿದ ನಿಯಮ ಒಂದೇ: ಚಾಕುವನ್ನು ತೆರೆದವರೇ ಮುಚ್ಚಬೇಕು. ಒಬ್ಬರು ತೆರೆದದ್ದನ್ನು ಇನ್ನೊಬ್ಬರು ಮುಚ್ಚಿದರೆ ಅವರಿಬ್ಬರ ಸ್ನೇಹ ಅಲ್ಲಿಗೆ ಕೊನೆ. ಮೂವತ್ತು ವರ್ಷದಲ್ಲಿ ನಾವು ಒಂದು ಸಲವೂ ಮೀರಿಲ್ಲ.

ಬಂದವರು ಬಾಗಿಲ ಬಳಿಯ ಸ್ಟೂಲಿಗೆ ಎಡವಿದರು, ಕಾಫಿ ಲೋಟವನ್ನು ಮೇಜಿನ ಅಂಚಿಗಿಟ್ಟು ಅರ್ಧ ಚೆಲ್ಲಿದರು. ಅವರಿಗೆ ಮನೆ ಅಂದರೆ ಬಸ್ಸಿನ ಗ್ಯಾರೇಜು. ಮೇಜಿನ ಮೇಲೆ ಹಣ್ಣಿನ ತಟ್ಟೆ, ಅದರ ಪಕ್ಕ ಹೆಂಡತಿಯ ಪ್ಲಾಸ್ಟಿಕ್ ಹಿಡಿಯ ಮಡಚು ಚಾಕು, ಅದರ ಪಕ್ಕ ಇವರಿಗೆ ತೋರಿಸಲೆಂದೇ ಇಟ್ಟಿದ್ದ ಮಹಾರಾಣಿ. ಇಂಜಿನ್ ಬಿಸಿಯಾಗುವ ಕಥೆ ಹೇಳುತ್ತಾ ಹೇಳುತ್ತಾ ಕೈ ಮೇಜಿನ ಮೇಲೆ ಓಡಾಡಿತು, ಮಹಾರಾಣಿಯನ್ನು ಎತ್ತಿಕೊಂಡಿತು. ಹಿಡಿಯ ಮೇಲೆ ಹೆಬ್ಬೆರಳಾಡಿಸಿ, ಉಗುರು ಸಿಕ್ಕಿಸಿ, ಅಲಗು ತೆರೆದು, ಸೇಬನ್ನು ಎಂಟು ಹೋಳು ಮಾಡಿ ತಂಗಿಯ ಕೈಗಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಏನ್ ಮಾಡಿದ್ರಿ ನೀವು?" ಅಂದೆ.

"ಹಣ್ಣು ಹೆಚ್ಚಿದೆ."

"ಅದು ನನ್ನ ಹೊಸ ಚಾಕು. ಕಣ್ಣು ಕಾಣ್ಸಲ್ವಾ ನಿಮಗೆ?"

ಮುಖ ಸುಣ್ಣದ ಹಾಗಾಯಿತು. ಚಾಕುವನ್ನು ತೆರೆದಂತೆಯೇ ಮೇಜಿನ ಮೇಲಿಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟೇ ಹೋದರು. ತಪ್ಪು ಮಾಡಿದವರು ಅವರು, ಮುನಿಸಿಕೊಂಡವರೂ ಅವರೇ.

ಮಾರ್ಚ್ 4, ಸೋಮವಾರ

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಾವು ಊಟ ಮಾಡುವ ಮೇಜೇ ಅವಳು ಬಟ್ಟೆ ಕತ್ತರಿಸುವ ಮೇಜು. ಬೆಳಗ್ಗೆ ಆರು ಗಜ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ನಿಂತಳು.

"ಇದನ್ನ ಮುಚ್ಚಿ ಒಳಗಿಡ್ರಿ."

"ತೆರೆದವರು ಬಂದು ಮುಚ್ಚಲಿ."

"ಅವನು ಬರದೇ ಇದ್ರೆ?"

"ಬರ್ತಾನೆ. ಬಂದು ತಪ್ಪಾಯ್ತು ಅಂತಾನೆ. ಆಮೇಲೆ ಮುಚ್ತಾನೆ."

ಅವಳು ಅಡುಗೆಮನೆಗೆ ಹೋಗಿ ಹಿಟ್ಟಿನ ಜರಡಿ ತಂದು ಮಹಾರಾಣಿಯ ಮೇಲೆ ಬೋರಲು ಹಾಕಿದಳು. ಅದರ ಸುತ್ತ ಬಟ್ಟೆ ಹರಡಿ ಕತ್ತರಿಸಿದಳು. ಯಾರದ್ದೋ ಕುಪ್ಪಸದ ತೋಳು ಸೊಟ್ಟ ಬಂತು. ಅದಕ್ಕೂ ನಾನೇ ಹೊಣೆಯಂತೆ.

ಮಾರ್ಚ್ 10, ಭಾನುವಾರ

ಹನ್ನೊಂದಾಯಿತು, ಹನ್ನೆರಡಾಯಿತು, ಅವನು ಬರಲಿಲ್ಲ. ಸೊಕ್ಕು ಅಂದರೆ ಇದು.

ಶುಕ್ರವಾರದ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಸಂಜೆ ನನ್ನ ಅಂಗಡಿಯ ಮುಂದೆಯೇ ಹೋದ. ಗೋಡೆಗೆ ಅಂಟಿಕೊಂಡಂತೆ ನಿಧಾನವಾಗಿ, ಮಹಾರಾಜರ ಸವಾರಿ. ನಾನು ಬಾಗಿಲಲ್ಲೇ ನಿಂತಿದ್ದೆ, ನಾಲ್ಕು ಅಡಿ ದೂರ. ಕೈ ತಾನಾಗಿ ಮೇಲೆದ್ದಿತು. ಅವನು ನನ್ನ ಮುಖವನ್ನೇ ನೋಡಿದ, ನೇರವಾಗಿ ನೋಡಿದ, ಕಂಬವನ್ನು ನೋಡಿದಂತೆ ನೋಡಿ ಮುಂದೆ ಹೋದ. ಎತ್ತಿದ ಕೈಯನ್ನು ಏನು ಮಾಡುವುದು? ತಲೆ ಕೆರೆದುಕೊಂಡೆ. ಎದುರಿನ ಔಷಧಿ ಅಂಗಡಿಯವನು ನಕ್ಕ.

ಮೂವತ್ತು ವರ್ಷದ ಒಡನಾಟಕ್ಕೆ ಇಷ್ಟೇ ಬೆಲೆ. ಹೋಗಲಿ.

ಮಾರ್ಚ್ 15, ಶುಕ್ರವಾರ

ಹೆಂಡತಿ ಅಣ್ಣನ ಕೋಣೆಗೆ ಹೋಗಿಬಂದಳು. ನಾನು ಕೇಳಲಿಲ್ಲ, ಅವಳೇ ಹೇಳಿದಳು. ಕಾರ್ಖಾನೆಯಿಂದ ಏನೋ ಕಾಗದ ಬಂದಿತ್ತಂತೆ, ಇವಳ ಕೈಲೇ ಓದಿಸಿಕೊಂಡನಂತೆ. ಬಸ್ಸು ಓಡಿಸುವವರೆಲ್ಲ ಎಂದಿನಂತೆ ಈ ವರ್ಷವೂ ಕಣ್ಣು ಸರಿಯಿದೆ ಅನ್ನುವ ಚೀಟಿ ತರಬೇಕು, ತಿಂಗಳ ಕೊನೆಯೊಳಗೆ.

"ಅವನೇ ಯಾಕೆ ಓದ್ಲಿಲ್ಲ?" ಅಂದೆ.

"ಕನ್ನಡಕ ಎಲ್ಲಿಟ್ಟೆ ಅಂತ ಗೊತ್ತಾಗ್ತಿಲ್ಲ ಅಂದ."

ನಾನು ಮಾಡಿಕೊಟ್ಟ ಕನ್ನಡಕ. ಅದರ ಮೇಲೂ ಸಿಟ್ಟು ಇರಬೇಕು. ಹೋದ ವರ್ಷ ಚೀಟಿಗೆ ಬಂದಾಗ ಅಂಕಿಗಳ ಹಲಗೆಯ ಕೊನೆಯ ಸಾಲನ್ನು ಒಂದೇ ಉಸಿರಲ್ಲಿ ಓದಿದ್ದ: ಏಳು, ಎರಡು, ಒಂಬತ್ತು, ನಾಲ್ಕು, ಆರು. ನಾನೇ ಬೆನ್ನು ತಟ್ಟಿದ್ದೆ. ಹದ್ದಿನ ಕಣ್ಣು, ಕತ್ತೆಯ ಬುದ್ಧಿ.

ಹಲಗೆ ಅಂದಮೇಲೆ ನೆನಪಾಯಿತು. ಇಪ್ಪತ್ತು ವರ್ಷದಿಂದ ನೇತಾಡುತ್ತಿದ್ದದ್ದು ಹಳದಿ ತಿರುಗಿತ್ತು, ಮೊನ್ನೆ ಮಸೂರ ಮಾರುವವನು ಹೊಸದು ಕೊಟ್ಟು ಹೋದ. ಅದೇ ಅಳತೆ, ಅದೇ ಜಾಗ, ಅಂಕಿಗಳು ಮಾತ್ರ ಬೇರೆ. ಹಳೆಯದು ದಪ್ಪ ರಟ್ಟಿನದು, ಹೆಂಡತಿ ಹಿಂದುಮುಂದು ನೋಡದೆ ಅದನ್ನು ಕಾಲರಿನ ಅಳತೆಗೆ ಕತ್ತರಿಸಿಕೊಂಡಳು.

ಮಾರ್ಚ್ 17, ಭಾನುವಾರ

ಬರಲಿಲ್ಲ. ಸೇಬು ತಂದಿದ್ದೆ. ಅಗ್ಗಕ್ಕೆ ಸಿಕ್ಕಿತು, ಅದಕ್ಕೇ ತಂದದ್ದು.

ಮಾರ್ಚ್ 19, ಮಂಗಳವಾರ

ಜರಡಿ ಎತ್ತಿ ನೋಡಿದೆ. ಅಲಗಿನ ಮೇಲೆ ಸೇಬಿನ ರಸದ ಕಲೆ ಕಂದು ಬಣ್ಣಕ್ಕೆ ಬಂದಿದೆ. ಒರೆಸಬಹುದಿತ್ತು. ಒರೆಸಿದರೆ ಕೈ ಹಾಕಿದ ಹಾಗಾಗುತ್ತದೆ. ಮತ್ತೆ ಜರಡಿ ಮುಚ್ಚಿದೆ.

"ಇಡೀ ದಿನ ಊರವರ ಕಣ್ಣು ನೋಡ್ತೀರಿ, ಮನೆಗೆ ಬಂದು ಚಾಕು ನೋಡ್ತೀರಿ," ಅಂದಳು ಹೆಂಡತಿ. "ಒಂದು ಸಲ ಮನುಷ್ಯರ ಮುಖನೂ ನೋಡಿ."

ಈಚೆಗೆ ಅವಳ ನಾಲಿಗೆಗೆ ಯಾರೋ ಸಾಣೆ ಹಿಡಿದಿದ್ದಾರೆ.

ಮಾರ್ಚ್ 23, ಶನಿವಾರ

ಬಂದ. ಮನೆಗಲ್ಲ, ಅಂಗಡಿಗೆ. ಮಧ್ಯಾಹ್ನ ಪಾಳಿ ಮುಗಿಸಿಕೊಂಡು, ಸಮವಸ್ತ್ರದಲ್ಲೇ, ಕೈಯಲ್ಲಿ ಕಾರ್ಖಾನೆಯ ಕಾಗದ.

"ಚೀಟಿ ಬೇಕಾಗಿತ್ತು," ಅಂದ, ನಾನು ನಿಂತಿದ್ದ ಕಡೆಗಲ್ಲ, ಗಡಿಯಾರದ ಕಡೆಗೆ ತಿರುಗಿ.

ನಾನೂ ಗಿರಾಕಿಯ ಜೊತೆ ಆಡುವಷ್ಟೇ ಮಾತಾಡಿದೆ. "ಕೂತ್ಕೊಳ್ಳಿ. ಎಡಗಣ್ಣು ಮುಚ್ಚಿ. ಮೇಲಿಂದ ಓದಿ."

"ಮೇಲಿಂದು ಮಕ್ಕಳು ಓದ್ಲಿ. ನಾನು ಕೊನೇ ಸಾಲೇ ಓದ್ತೀನಿ," ಅಂದು ಗಂಟಲು ಸರಿಮಾಡಿಕೊಂಡ. "ಏಳು, ಎರಡು, ಒಂಬತ್ತು, ನಾಲ್ಕು, ಆರು."

ಹಲಗೆಯ ಕೊನೆಯ ಸಾಲಿನಲ್ಲಿ ಐದು, ಮೂರು, ಎಂಟು, ಎರಡು, ಏಳು ಇತ್ತು.

"ಇನ್ನೊಂದು ಸಲ ಓದಿ," ಅಂದೆ.

ಇನ್ನೂ ಗಟ್ಟಿಯಾಗಿ ಓದಿದ. ಅದೇ ಏಳು, ಅದೇ ಎರಡು. ಬಲಗಣ್ಣು ಮುಚ್ಚಿಸಿದೆ, ಅದೇ. ಅದರ ಮೇಲಿನ ಸಾಲು ಕೇಳಿದೆ. ಅದನ್ನೂ ಹಳೆಯ ಹಲಗೆಯದ್ದೇ ಒಪ್ಪಿಸಿದ. ಇಪ್ಪತ್ತು ವರ್ಷ ಸಂಜೆ ಹೊತ್ತು ಈ ಅಂಗಡಿಯಲ್ಲಿ ಕೂತು ಹರಟೆ ಹೊಡೆದವನಿಗೆ ಹಲಗೆ ಪೂರ್ತಿ ಬಾಯಿಪಾಠ.

ನಿಜ ಬರೆಯಬೇಕು. ಮೊದಲು ಖುಷಿಯಾಯಿತು. ಸಿಕ್ಕಿಬಿದ್ದೆಯಲ್ಲ ಮಗನೇ ಅಂದುಕೊಂಡೆ. ಟಾರ್ಚ್ ಹಿಡಿದು ಕಣ್ಣೊಳಗೆ ನೋಡಿದೆ. ಎರಡೂ ಕರಿಗುಡ್ಡೆಯಲ್ಲಿ ಹಾಲು ಚೆಲ್ಲಿದ ಹಾಗೆ ಪೊರೆ. ಎರಡು ವರ್ಷಕ್ಕೆ ಕಡಿಮೆ ಇಲ್ಲ. ಅಂದರೆ ಹೋದ ವರ್ಷವೂ ಇತ್ತು. ಹೋದ ವರ್ಷದ ಚೀಟಿಗೆ ಸಹಿ ಹಾಕಿದವನು ನಾನು. ಆ ಸಹಿಯ ಮೇಲೆ ದಿನಾ ನಲವತ್ತು ಜನ ಕೂತು ಕೆಲಸಕ್ಕೆ ಹೋಗುತ್ತಿದ್ದಾರೆ. ಖುಷಿ ಅಲ್ಲಿಗೆ ಇಳಿಯಿತು.

"ಚೀಟಿ ಪುಸ್ತಕ ಮುಗಿದಿದೆ," ಅಂದೆ. ಅದು ಕೈಯಲ್ಲೇ ಇತ್ತು, ಅವನ ಮೂಗಿನ ಕೆಳಗೆ.

"ಒಂದು ಸೇಬಿಗೆ ಇಷ್ಟು ಸೇಡಾ ಮಾರಾಯ?" ಅಂದ. ಎದ್ದ, ಕುರ್ಚಿಯ ಬೆನ್ನು ಹಿಡಿದ, ಬಾಗಿಲಿನ ಚೌಕಟ್ಟು ಹಿಡಿದ, ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿದ. ಇಪ್ಪತ್ತು ವರ್ಷ ನೋಡಿದ ಮೆಟ್ಟಿಲು.

ಮನೆಗೆ ಬಂದು ಈ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದೆ. ಸ್ಟೂಲಿಗೆ ಎಡವಿದ್ದು, ಕಾಫಿ ಚೆಲ್ಲಿದ್ದು, ಗೋಡೆ ಹಿಡಿದು ನಡೆದದ್ದು, ಕಾಗದ ಓದಿಸಿಕೊಂಡದ್ದು. ಎಲ್ಲ ನನ್ನದೇ ಅಕ್ಷರ. ಬರೆದವನಿಗೆ ಕನ್ನಡಕ ಬೇಕಾಗಿದೆ.

ಅವತ್ತು ನಾನು ಕೇಳಿದ ಪ್ರಶ್ನೆಯೂ ಅಲ್ಲೇ ಇದೆ. ಅದನ್ನು ಇನ್ನೊಂದು ಸಲ ಬರೆಯುವುದಿಲ್ಲ.

ಮಾರ್ಚ್ 24, ಭಾನುವಾರ

ನಾಳೆ ಬೆಳಗ್ಗೆ ಬಸ್ಸು ಹೊರಡುತ್ತದೆ. ಕಾಯಲು ಸಮಯವಿಲ್ಲ. ಹನ್ನೊಂದಕ್ಕೆ ನಾನೇ ಅವರ ಕೋಣೆಗೆ ಹೋದೆ.

ಮಹಾರಾಣಿಯನ್ನೂ ಕರೆದುಕೊಂಡು ಹೋದೆ, ತೆರೆದಂತೆಯೇ, ಬೂಟಿನ ಡಬ್ಬಿಯಲ್ಲಿ ಹತ್ತಿ ತುಂಬಿ. ಬಸ್ಸಿನಲ್ಲಿ ಪಕ್ಕದ ಹೆಂಗಸು "ಏನು, ಬೆಕ್ಕಿನ ಮರೀನಾ?" ಅಂತ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರು. "ಕಚ್ಚುತ್ತೆ," ಅಂದೆ.

ಕೋಣೆಯಲ್ಲಿ ಹಗಲಿನಲ್ಲೂ ಎರಡು ದೊಡ್ಡ ಬಲ್ಬು ಉರಿಯುತ್ತಿದ್ದವು. ಗೋಡೆಗೆ ಮೊಳೆಗಳ ಸಾಲು, ಒಂದೊಂದು ಮೊಳೆಗೂ ಒಂದೊಂದು ಚಾಕು, ಒಂದೊಂದು ಚಾಕುವಿಗೂ ದಾರ, ಒಂದೊಂದು ದಾರದಲ್ಲೂ ಬೇರೆ ಬೇರೆ ಲೆಕ್ಕದ ಗಂಟು. ಕಾಣದವರು ಮಾಡಿಕೊಂಡ ಗುರುತು. ಎರಡು ವರ್ಷದಿಂದ ನಾನು ಈ ಕೋಣೆಗೆ ಕಾಲಿಟ್ಟಿಲ್ಲ, ಅವರೇ ನನ್ನಲ್ಲಿಗೆ ಬರುತ್ತಿದ್ದರು.

"ಹಲಗೆ ಬದಲಾಗಿದೆ ಭಾವ," ಅಂದೆ.

ಒಂದು ದಾರದ ಗಂಟುಗಳನ್ನು ಬೆರಳಲ್ಲಿ ಎಣಿಸಿದರು. ಆಮೇಲೆ "ಯಾವಾಗ?" ಅಂದರು.

"ಮೊನ್ನೆ. ಹಳೇದನ್ನ ನಿಮ್ಮ ತಂಗಿ ಕಾಲರ್ ಮಾಡ್ಕೊಂಡ್ಳು."

ನಗು ಬಂತು ಅವರಿಗೆ, ಅರ್ಧಕ್ಕೇ ನಿಂತಿತು. "ರಸ್ತೆ ನಂಗೆ ಬಾಯಿಪಾಠ ಕಣಯ್ಯ," ಅಂದರು.

"ರಸ್ತೆ ಬಾಯಿಪಾಠ ಇರುತ್ತೆ. ರಸ್ತೆ ದಾಟೋ ಜನ ಬಾಯಿಪಾಠ ಇರ್ತಾರಾ?"

ಆಗ ಬಾಯಿಬಿಟ್ಟರು. ಹೋದ ವಾರ ಒಬ್ಬ ಸೈಕಲ್ಲಿನವನು ಬಸ್ಸಿನ ಬದಿಗೆ ತಾಗುವಷ್ಟು ಹತ್ತಿರ ಬಂದದ್ದು ಅವನು ಬೈದ ಮೇಲೇ ಗೊತ್ತಾಯಿತಂತೆ. ಅವತ್ತಿನಿಂದ ನಿದ್ದೆಯಿಲ್ಲವಂತೆ.

"ಪೊರೆ ತೆಗಿಸಿದ್ರೆ ಸರಿಹೋಗುತ್ತೆ. ಅರ್ಧ ಗಂಟೆ ಕೆಲಸ. ಯಾಕೆ ಮುಚ್ಚಿಟ್ರಿ?"

"ಕಣ್ಣಿಗೆ ಚಾಕು ಹಾಕ್ತಾರಲ್ಲ."

ನಾನು ಗೋಡೆ ನೋಡಿದೆ. "ಎಪ್ಪತ್ತು ಚಾಕು ನೇತುಹಾಕ್ಕೊಂಡು ಮಲಗೋರು ನೀವು. ಒಂದು ಚಾಕುಗೆ ಹೆದರ್ತೀರಾ?"

"ಈ ಎಪ್ಪತ್ತೂ ನನ್ನ ಕೈಯಲ್ಲಿರುತ್ತೆ," ಅಂದರು. "ಅದು ಬೇರೆಯವರ ಕೈಯಲ್ಲಿರುತ್ತೆ."

ಬೈಯಬೇಕು ಅಂತಲೇ ಹೋಗಿದ್ದೆ. ಆ ಮಾತಿಗೆ ಹೇಗೆ ಬೈಯುವುದು? ಡಬ್ಬಿ ತೆರೆದು ಮುಂದಿಟ್ಟೆ. ಬೆರಳು ಅಲಗಿನ ಬೆನ್ನು ಮುಟ್ಟಿ ಗುರುತು ಹಿಡಿಯಿತು.

"ಇನ್ನೂ ತೆರೆದೇ ಇದೆಯಾ?"

"ತೆರೆದವರು ನೀವು."

ಮುಚ್ಚಲು ಎತ್ತಿಕೊಂಡರು. ನಾನೇ ಕೈ ಹಿಡಿದು ತಡೆದೆ. "ತಡವಿಕೊಂಡು ಮುಚ್ಚೋದು ಬೇಡ. ಕಣ್ಣಲ್ಲಿ ನೋಡಿ ಮುಚ್ಚಿ. ಅಲ್ಲೀವರೆಗೆ ಜರಡಿ ಕೆಳಗೇ ಇರಲಿ. ನಾಳೆಯಿಂದ ಬಸ್ಸಿಗೆ ರಜೆ ಹಾಕಿ. ನೀವು ಹಾಕದಿದ್ರೆ ಕಾರ್ಖಾನೆಗೆ ನಾನೇ ಹೋಗಿ ಹೇಳ್ತೀನಿ, ಹೋದ ವರ್ಷದ ನನ್ನ ಸಹಿ ಸುಳ್ಳು ಅಂತ."

"ನಿನ್ನ ಅಂಗಡಿ ಮಾನ ಹೋಗುತ್ತೆ."

"ಹೋಗ್ಲಿ. ಇದ್ದಿದ್ರೆ ತಾನೆ ಹೋಗೋಕೆ."

ರಜೆ ಕಾಗದ ನಾನೇ ಬರೆದೆ. ಎಲ್ಲಿ ಸಹಿ ಮಾಡಬೇಕು ಅಂತ ಅವರ ಬೆರಳು ಹಿಡಿದು ತೋರಿಸಿದೆ. ಮರಳಿ ಬರುವಾಗ ಬೂಟಿನ ಡಬ್ಬಿ ತೊಡೆಯ ಮೇಲಿತ್ತು. ಯಾರೂ ಏನೂ ಕೇಳಲಿಲ್ಲ.

ಏಪ್ರಿಲ್ 2, ಮಂಗಳವಾರ

ಭಾವ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಹೆಂಡತಿ ಹೋಗಿ ಎಳೆದುಕೊಂಡು ಬಂದಳು. ಒಂದು ಸಲ ಆಸ್ಪತ್ರೆಯಲ್ಲಿ ದಿನ ನಿಗದಿಯಾದಾಗ ಹೊಟ್ಟೆನೋವು ಅಂದು ತಪ್ಪಿಸಿಕೊಂಡರು. ಎರಡನೆಯ ಸಲ ಹಲ್ಲುನೋವು. ಮೂರನೆಯ ಸಲ ಒಂಬತ್ತನೇ ತಾರೀಖಿಗೆ ಇಟ್ಟಿದ್ದಾರೆ, ನೋಯಿಸಿಕೊಳ್ಳಲು ಇನ್ನು ಯಾವ ಅಂಗ ಬಾಕಿ ಇದೆಯೋ.

ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳಣ್ಣ ಮುಚ್ಚಿಟ್ಟದ್ದಕ್ಕೆ ನನ್ನ ಮೇಲೆ ಸಿಟ್ಟು. "ಅವನು ಮುಚ್ಚಿಡ್ತಾನೆ. ಕಂಡುಹಿಡಿಯೋದು ನಿಮ್ಮ ಕಸುಬು," ಅಂದಳು, ಆಮೇಲೆ ಬಾಯಿ ಮುಚ್ಚಿದಳು. ಅವಳು ಬೈಯುವುದಕ್ಕಿಂತ ಇದೇ ಕಷ್ಟ.

ಸಂಜೆ ಹೊತ್ತು ನನ್ನ ಬೀರು ತೆಗೆದು ಒಂದೊಂದೇ ಚಾಕು ಅವರ ಕೈಗೆ ಕೊಡುತ್ತೇನೆ. ಮುಟ್ಟಿಯೇ ಹೇಳುತ್ತಾರೆ, ಇದು ಎಮ್ಮೆ ಕೊಂಬು, ಇದು ಹಿತ್ತಾಳೆ, ಇದರ ಸ್ಪ್ರಿಂಗು ಸೋತಿದೆ. ಪೆನ್ಸಿಲ್ ಹೆರೆದು ಕೊಡು ಅಂದರು. ಹನ್ನೆರಡನೆಯ ನಂಬರಿನ ಚಾಕುವಿನಲ್ಲಿ ಹೆರೆದೆ. ಚೆನ್ನಾಗಿ ಕೊಯ್ಯುತ್ತದೆ.

ಏಪ್ರಿಲ್ 9, ಮಂಗಳವಾರ

ಆಯಿತು. ಬಲಗಣ್ಣು. ಎಡದ್ದು ಮುಂದಿನ ತಿಂಗಳು.

ಒಳಗೆ ಹೋಗುವ ಮುಂಚೆ ನನ್ನ ಮಣಿಕಟ್ಟು ಹಿಡಿದವರು ಬಿಡಲಿಲ್ಲ. ನರ್ಸು ಬಿಡಿಸಬೇಕಾಯಿತು. ಹೊರಗಿನ ಬೆಂಚಿನ ಮೇಲೆ ಕೂತು ನೆಲದ ಹಾಸುಗಲ್ಲು ಎಣಿಸಿದೆ, ನೂರ ನಲವತ್ತೆರಡು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು. "ಉಗುರು ಕಚ್ಬೇಡಿ," ಅಂದಳು. ಒಂದು ವಾರದಲ್ಲಿ ನನಗೆ ಆಡಿದ ಮೊದಲ ಮಾತು.

ಡಾಕ್ಟರಿಗೆ ನಾನು ಯಾವ ಅಲಗು ಬಳಸಿದಿರಿ ಅಂತ ಕೇಳಿದೆನಂತೆ. ನನಗೆ ನೆನಪಿಲ್ಲ. ಹೆಂಡತಿ ಹಾಗಂತ ಊರೆಲ್ಲ ಹೇಳುತ್ತಿದ್ದಾಳೆ.

ಏಪ್ರಿಲ್ 21, ಭಾನುವಾರ

ಭಾವ ಹೋದ ವಾರ ತಮ್ಮ ಕೋಣೆಗೆ ಹೋದರು. ಇವತ್ತು ಹನ್ನೊಂದಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಸ್ಟೂಲಿಗೆ ಎಡವದೆ ಸುತ್ತಿ ಬಂದರು. ಕನ್ನಡಕ ತೆಗೆದು ಮೊದಲು ತಂಗಿಯನ್ನು ನೋಡಿದರು.

"ಏನೇ, ಕೂದಲು ಇಷ್ಟೊಂದು ಬೆಳ್ಳಗಾಗಿದೆ? ಯಾವಾಗಿಂದ?"

"ಎರಡು ವರ್ಷದಿಂದ ಆಗ್ತಾನೇ ಇದೆ ಅಣ್ಣ," ಅಂದಳು. ಅಡುಗೆಮನೆಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ನಾನು ಜರಡಿ ಎತ್ತಿದೆ. ನಲವತ್ತೊಂಬತ್ತು ದಿನ ತೆರೆದು ಮಲಗಿದ್ದ ಮಹಾರಾಣಿ. ಅವರು ಎತ್ತಿಕೊಂಡು ಕಿಟಕಿಯ ಬಳಿ ಹೋಗಿ ಬಲಗಣ್ಣಿನ ಹತ್ತಿರ ಹಿಡಿದರು. ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಇದೇನಾ ನಿನ್ನ ಜಿಂಕೆ ಕೊಂಬು?"

"ಹೌದು. ಯಾಕೆ?"

"ಎರಡು ಬದಿಯ ಉಬ್ಬುತಗ್ಗೂ ಒಂದೇ ಥರ ಇದೆ ನೋಡು. ಅದೇ ಗಂಟು, ಅದೇ ಗೆರೆ. ಯಾವ ಜಿಂಕೆ ತಲೆ ಮೇಲೂ ಹೀಗೆ ಬೆಳೆಯಲ್ಲ ಮಾರಾಯ. ಅಂಚಲ್ಲಿ ಅಚ್ಚಿನ ಗೆರೆ ಬೇರೆ ಇದೆ. ಇದು ಪ್ಲಾಸ್ಟಿಕ್."

ಭೂತಗನ್ನಡಿ ತಂದೆ. ಇತ್ತು. ಈ ತುದಿಯಿಂದ ಆ ತುದಿಯವರೆಗೆ, ಚೊಕ್ಕವಾಗಿ. ಮಾರ್ಚ್ ಎರಡರಂದು ಎರಡು ಗಂಟೆ ನೋಡಿದ್ದು ಇದೇ ಗಾಜಿನಿಂದ.

"ಅವತ್ತೇ ಗೊತ್ತಿತ್ತಾ ನಿಮಗೆ?"

"ಕೈಗೆ ಗೊತ್ತಾಯ್ತು. ಪ್ಲಾಸ್ಟಿಕ್ ಹಿಡಿ ಸಿಕ್ತು, ಇವಳ ಹಣ್ಣಿನ ಚಾಕು ಅಂದ್ಕೊಂಡೆ. ಅದಕ್ಕೇ ತಾನೆ ಸೇಬು ಹೆಚ್ಚಿದ್ದು? ನೀನು ಕೂಗಾಡಿದಾಗಲೇ ಗೊತ್ತಾಗಿದ್ದು, ಅದು ನಿನ್ನ ಹೊಸ ಚಾಕು ಅಂತ."

"ಹಾಗಾದ್ರೆ ಆಗಲೇ ಹೇಳ್ಬಹುದಿತ್ತಲ್ಲ."

"ಏನಂತ ಹೇಳ್ಲಿ? ಕಣ್ಣು ಕಾಣ್ಸಲ್ವಾ ಅಂತ ಕೇಳಿದ್ದು ನೀನು."

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ತಟ್ಟೆಯಲ್ಲಿ ಮೂರು ಸೇಬು ತಂದು ಮೇಜಿನ ಮಧ್ಯಕ್ಕಿಟ್ಟಳು, ಹಾಳಾದವಳು. ಭಾವ ಅಲಗಿನ ಕಲೆ ಒರೆಸಿ, ನೋಡಿ ನೋಡಿ ಸಮವಾಗಿ ಹೆಚ್ಚಿದರು. ಮತ್ತೆ ಒರೆಸಿದರು. ಮುಚ್ಚಿದರು. ಟಕ್ ಅಂದಿತು. ಸ್ಪ್ರಿಂಗು ಚೆನ್ನಾಗಿದೆ, ಅದೊಂದನ್ನು ಒಪ್ಪಬೇಕು.

ಮಹಾರಾಣಿ ಈಗ ಅಡುಗೆಮನೆಯಲ್ಲಿ ಚಮಚಗಳ ಜೊತೆ ಇದ್ದಾಳೆ. ಬೀರುವಿನಲ್ಲಿ ಐವತ್ತೊಂಬತ್ತು ಉಳಿದಿವೆ. ಹನ್ನೆರಡನೆಯದು ನನ್ನ ಜೇಬಿನಲ್ಲಿದೆ, ಅಂಗಡಿಯಲ್ಲಿ ಪೆನ್ಸಿಲ್ ಹೆರೆಯಲು ಬೇಕಾಗುತ್ತದೆ.

ಹೊರಡುವಾಗ ಭಾವ ಬಾಗಿಲಲ್ಲಿ ನಿಂತು ನನ್ನ ಮುಖವನ್ನು ಹತ್ತಿರದಿಂದ ನೋಡಿದರು.

"ನಾಳೆ ಅಂಗಡಿಗೆ ಬರ್ತೀನಿ. ಕುರ್ಚಿಯಲ್ಲಿ ನೀನು ಕೂತ್ಕೋ, ನಾನು ಓದಿಸ್ತೀನಿ."

"ಹಲಗೆ ಹೊಸದೇ ಇದೆಯಲ್ಲ, ಓದ್ತೀನಿ."

"ಅದು ಬೇಡ," ಅಂದರು. "ಅದು ನಿಂಗೆ ಬಾಯಿಪಾಠ ಆಗಿರುತ್ತೆ. ನಾನೇ ಒಂದು ಬರ್ಕೊಂಡು ಬರ್ತೀನಿ."